ಎರೆಹೊಲದ ಇಂಗಾಲ: ಬೇರಿನ ಪಾಲು, ಮುಚ್ಚಿಗೆಯ ಪಾಲು

ಎರೆಮಣ್ಣಿನ ಕಪ್ಪು ನೋಡಿ ಅದರಲ್ಲಿ ಇಂಗಾಲ ತುಂಬಿದೆ ಎಂದುಕೊಳ್ಳುವವರು ಬಹಳ. ನಿಜದಲ್ಲಿ ವಿಜಯಪುರ, ಕಲಬುರಗಿ ಕಡೆಯ ಎಷ್ಟೋ ಎರೆಹೊಲಗಳಲ್ಲಿ ಸಾವಯವ ಇಂಗಾಲ ಶೇ. 0.5ರ ಆಸುಪಾಸಿನಲ್ಲಿದೆ. ಮುಂಗಾರಿನಲ್ಲಿ ಹೊಲ ಖಾಲಿ ಬಿಟ್ಟು, ಹರಗಿ ಹದಮಾಡಿ, ಹಿಂಗಾರಿಗೆ ಜೋಳವನ್ನೋ ಕಡಲೆಯನ್ನೋ ಬಿತ್ತುವ ರೂಢಿ ಇದಕ್ಕೊಂದು ಕಾರಣ. ರೈತರನ್ನು ದೂರಿ ಫಲವಿಲ್ಲ. ನೆನೆದ ಎರೆಯಲ್ಲಿ ಕಾಲಿಡುವುದೇ ಕಷ್ಟ. ಮಳೆಯ ತೇವವನ್ನು ಹಿಂಗಾರಿಗೆ ಉಳಿಸಿಕೊಳ್ಳಬೇಕೆಂಬ ಲೆಕ್ಕವೂ ಅದರಲ್ಲಿದೆ.

ಆದರೆ ಖಾಲಿ ಹೊಲಕ್ಕೆ ಮಳೆಹನಿ ನೇರವಾಗಿ ಬಡಿಯುತ್ತದೆ. ಕಾಳುಗಟ್ಟಿದ ಮೇಲ್ಮಣ್ಣು ಒಡೆದು, ಪುಡಿ ಸಂದುಗಳಿಗಿಳಿದು ಹೆಪ್ಪಾಗುತ್ತದೆ. ಮುಂದಿನ ಮಳೆ ಇಂಗದೆ, ಮೇಲ್ಮಣ್ಣನ್ನು ಹೊತ್ತು ಹಳ್ಳ ಸೇರುತ್ತದೆ. ಮಣ್ಣಿನ ಈ ಕಾಳುಗಳೇ ಇಂಗಾಲದ ಕಣಜ. ಬೇರು ಸೂಸುವ ಅಂಟು ಮತ್ತು ಶಿಲೀಂಧ್ರದ ಎಳೆಗಳು ಜೇಡಿಯನ್ನು ಹಿಡಿದು ಕಾಳು ಕಟ್ಟುತ್ತವೆ. ಒಳಗೆ ಸಿಕ್ಕ ಕೊಳೆತ ಬೇರು, ಎಲೆಗೆ ಗಾಳಿ ಕಡಿಮೆ, ಸೂಕ್ಷ್ಮಜೀವಿಗಳ ಕಾಟವೂ ಕಡಿಮೆ. ಹರಗಿದಷ್ಟೂ ಕಾಳು ಒಡೆದು, ಒಳಗಿದ್ದ ಇಂಗಾಲ ಅನಿಲವಾಗಿ ಗಾಳಿ ಸೇರುತ್ತದೆ.

ಹೈದರಾಬಾದ್ ಬಳಿಯ ಪಟಾನ್‌ಚೆರುವಿನ ಇಕ್ರಿಸ್ಯಾಟ್ ಕೃಷಿ ಸಂಶೋಧನಾ ಕೇಂದ್ರದ ಎರೆಹೊಲಗಳಲ್ಲಿ 1976ರಲ್ಲಿ ಒಂದು ದೀರ್ಘ ಪ್ರಯೋಗ ಶುರುವಾಯಿತು. ಒಂದೆಡೆ ಮುಂಗಾರಿನಲ್ಲಿ ಖಾಲಿ ಬಿಟ್ಟು ಹಿಂಗಾರಿನಲ್ಲಿ ಬಿತ್ತುವ ರೂಢಿ. ಇನ್ನೊಂದೆಡೆ ಅಗಲ ಮಡಿ, ಗೊಬ್ಬರದೊಂದಿಗೆ ಮುಂಗಾರಿನಿಂದಲೇ ಜೋಳ-ತೊಗರಿ ಮಿಶ್ರಬೆಳೆ. ಸುಮಾರು 24 ವರ್ಷಗಳ ಬಳಿಕ 120 ಸೆಂ.ಮೀ. ಆಳದವರೆಗೆ ಅಳೆದಾಗ ಎರಡನೆಯದರಲ್ಲಿ ಹೆಕ್ಟೇರಿಗೆ 46.8 ಟನ್ ಇಂಗಾಲ, ಮೊದಲನೆಯದರಲ್ಲಿ 39.5 ಟನ್. ಈ ಗಳಿಕೆ ಬೆಳೆಯೊಂದರದ್ದೇ ಅಲ್ಲ, ಇಡೀ ಪದ್ಧತಿಯದು. ಆದರೂ ತೊಗರಿಯ ಪಾತ್ರ ದೊಡ್ಡದೆಂದೇ ನನ್ನ ಎಣಿಕೆ. ಜೋಳ ಕೊಯ್ದ ಮೇಲೂ ಅದು ತಿಂಗಳುಗಟ್ಟಲೆ ಹೊಲದಲ್ಲಿರುತ್ತದೆ, ಬೇರನ್ನು ಆಳಕ್ಕಿಳಿಸುತ್ತದೆ, ಮಾಗುವಾಗ ಎಲೆ ಉದುರಿಸಿ ತನ್ನ ಮುಚ್ಚಿಗೆಯನ್ನು ತಾನೇ ಹಾಸಿಕೊಳ್ಳುತ್ತದೆ.

ಹುಲ್ಲಿನ ಮುಚ್ಚಿಗೆಯ ಕೆಲಸ ಬೇರೆ. ಹನಿಯ ಪೆಟ್ಟನ್ನು ತಾನು ತಿನ್ನುತ್ತದೆ, ಬಿಸಿಲನ್ನು ತಡೆದು ತೇವ ಉಳಿಸುತ್ತದೆ, ಎರೆಹುಳುವನ್ನು ಮೇಲಕ್ಕೆ ಕರೆಯುತ್ತದೆ. ಆದರೆ ನೆಲದ ಮೇಲೆ ಹಾಸಿದ ಹುಲ್ಲಿನ ಇಂಗಾಲದಲ್ಲಿ ಹೆಚ್ಚಿನ ಪಾಲು ಕೊಳೆಯುತ್ತ ಗಾಳಿಗೆ ಮರಳುತ್ತದೆ. ಮಣ್ಣಿನೊಳಗೇ ಸತ್ತು ಉಳಿಯುವ ಬೇರಿನ ಇಂಗಾಲಕ್ಕೆ ಬಾಳಿಕೆ ಹೆಚ್ಚು. ಹೀಗಾಗಿ ಕಾಳು ಒಡೆಯದಂತೆ ಕಾಯಲು ಮುಚ್ಚಿಗೆ, ಇಂಗಾಲ ಕೂಡಿಡಲು ಬೇರು: ಎರಡೂ ಬೇಕು. ಇನ್ನೊಂದು ಎಚ್ಚರ: ಸಾರಜನಕ ಕಡಿಮೆಯಿರುವ ಜೋಳದ ಹುಲ್ಲನ್ನು ಮಣ್ಣಿಗೆ ಬೆರೆಸಿದರೆ, ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳು ಮಣ್ಣಿನ ಸಾರಜನಕವನ್ನೇ ಎಳೆದುಕೊಂಡು ಎಳೆಯ ಪೈರು ಹಳದಿಯಾಗಬಹುದು. ಮೇಲೆ ಹಾಸಿದರೆ ಆ ಕಾಟ ಕಡಿಮೆ.

ಮುಚ್ಚಿಗೆಗೆ ಎಲ್ಲಕ್ಕಿಂತ ದೊಡ್ಡ ತೊಡಕು ದನದ ಹೊಟ್ಟೆ. ಜೋಳದ ಕಣಿಕೆ ಎಂದರೆ ಬೇಸಿಗೆಯ ಮೇವು. ಅದನ್ನು ಹೊಲಕ್ಕೆ ಹಾಸಿ ಎಂದು ರೈತರಿಗೆ ಹೇಳುವುದು ಅನ್ಯಾಯ. ದನ ಮುಟ್ಟದ್ದನ್ನು ಹುಡುಕಬೇಕು. ಬೆಳಗಾವಿ, ಬಾಗಲಕೋಟೆಯ ಕಬ್ಬಿನ ಗದ್ದೆಗಳಲ್ಲಿ ಕಟಾವಾದ ಮೇಲೆ ಉಳಿಯುವ ಒಣ ರವದಿಗೆ ಇಂದಿಗೂ ಹಲವೆಡೆ ಬೆಂಕಿ ಬೀಳುತ್ತಿದೆ. ಅದರ ಇಂಗಾಲವೂ ಸಾರಜನಕವೂ ಒಂದೇ ಸಂಜೆಗೆ ಹೊಗೆ. ಕೂಳೆ ಬೆಳೆಯಲ್ಲಿ ಸಾಲು ಬಿಟ್ಟು ಸಾಲಿಗೆ ರವದಿ ಹಾಸಿದರೆ ನೀರು ಹಾಯಿಸಲು ದಾರಿಯೂ ಉಳಿಯುತ್ತದೆ, ಕಳೆಯೂ ತಗ್ಗುತ್ತದೆ.