ಮೋಟಾರು ಕಾರಿನ ಇಂಜಿನು ತಣಿಸುವ ಫ್ಯಾನಿನ ದುರಸ್ತಿ

ಬಯಲು ರಸ್ತೆಯಲ್ಲಿ ವೇಗವಾಗಿ ಓಡುವಾಗ ಯಾವ ತೊಂದರೆಯನ್ನೂ ಕೊಡದ ಕಾರು, ಸಂತೆಯ ಜನಸಂದಣಿಯಲ್ಲಿ ನಿಂತು ನಿಂತು ಸಾಗುವಾಗ ಮಾತ್ರ ಕಾದು ಹಬೆಯಾಡುವುದುಂಟು. ಇಂತಹ ಸಂದರ್ಭದಲ್ಲಿ ದೋಷವು ಬಹುಮಟ್ಟಿಗೆ ರೇಡಿಯೇಟರಿನ ಬಳಿಯಿರುವ ಫ್ಯಾನಿಗೆ ಸಂಬಂಧಿಸಿರುತ್ತದೆ. ಓಡುವ ಕಾರಿಗೆ ಎದುರುಗಾಳಿಯೇ ಸಾಕು. ನಿಂತ ಕಾರಿಗೆ ಗಾಳಿಯನ್ನೊದಗಿಸುವುದು ಫ್ಯಾನೊಂದೇ. ಮುಳ್ಳು ಕೆಂಪು ಗೆರೆಗೆ ಏರಿದ ಮೇಲೂ ಊರು ಸೇರುವ ಆತುರದಿಂದ ಓಡಿಸಿದಲ್ಲಿ, ಅಲ್ಯೂಮಿನಿಯಮ್ಮಿನ ಸಿಲಿಂಡರ್ ಹೆಡ್ಡು ಸೊಟ್ಟಗಾಗಿ ಇಂಜಿನನ್ನೇ ಬಿಚ್ಚಿಸಬೇಕಾಗುವುದು. ಒಂದು ಫ್ಯೂಸಿನ ಖರ್ಚಿನಲ್ಲಿ ತೀರತಕ್ಕ ಕೆಲಸವು ಹೀಗೆ ಸಾವಿರಾರು ರೂಪಾಯಿಗಳಿಗೆ ಬೆಳೆಯುತ್ತದೆ.

ಹಿಂದಿನ ಅಂಬಾಸಡರು ಕಾರು ಮತ್ತು ಜೀಪುಗಳಲ್ಲಿ ಫ್ಯಾನನ್ನು ಇಂಜಿನಿನ ಬೆಲ್ಟೇ ತಿರುಗಿಸುತ್ತಿತ್ತು. ಅಂತಹ ಬಂಡಿಯನ್ನು ಇನ್ನೂ ಇಟ್ಟುಕೊಂಡಿರುವವರು ಬೆಲ್ಟಿನ ನಡುಭಾಗವನ್ನು ಹೆಬ್ಬೆರಳಿನಿಂದ ಒತ್ತಿ ನೋಡತಕ್ಕದ್ದು. ಅರ್ಧ ಅಂಗುಲಕ್ಕಿಂತ ಬಹಳ ಹೆಚ್ಚಾಗಿ ತಗ್ಗಿದರೆ ಬಿಗಿ ಮಾಡಬೇಕು. 1983ರಲ್ಲಿ ಬಂದ ಮಾರುತಿ ಕಾರು ಮತ್ತು ಅದರಂತಹ ಚಿಕ್ಕ ಕಾರುಗಳಲ್ಲಿ ಇಂಜಿನು ಅಡ್ಡಲಾಗಿರುವುದರಿಂದ ಬೆಲ್ಟಿನ ಏರ್ಪಾಡು ಹೊಂದುವುದಿಲ್ಲ. ಫ್ಯಾನಿಗೆ ಪ್ರತ್ಯೇಕ ವಿದ್ಯುತ್ ಮೋಟಾರನ್ನು ಜೋಡಿಸಿರುತ್ತಾರೆ. ಇದು ಸದಾ ತಿರುಗುವುದಲ್ಲ. ನೀರಿನ ಶಾಖವು ಸುಮಾರು 95ರಿಂದ 100 ಡಿಗ್ರಿ ಸೆಂಟಿಗ್ರೇಡಿಗೆ ಏರಿದಾಗ ತಾನಾಗಿ ತಿರುಗಿ, ಇಳಿದಾಗ ನಿಲ್ಲುತ್ತದೆ. ಆದುದರಿಂದ ತಣ್ಣಗಿರುವ ಇಂಜಿನಿನ ಫ್ಯಾನು ಸುಮ್ಮನಿರುವುದನ್ನು ಕಂಡು ಅದು ಕೆಟ್ಟಿತೆಂದು ಭಾವಿಸಬಾರದು.

ಪರೀಕ್ಷೆಗೆ ಮೊದಲು ಎರಡು ಅಪಾಯಗಳನ್ನು ಅರಿತಿರಬೇಕು. ರೇಡಿಯೇಟರಿನೊಳಗಿನ ನೀರು ಒತ್ತಡದಲ್ಲಿರುವುದರಿಂದ 100 ಡಿಗ್ರಿಯನ್ನು ಮೀರಿದರೂ ಕುದಿಯದೆ ಇರುತ್ತದೆ. ಮುಚ್ಚಳವನ್ನು ಸಡಿಲಿಸಿದ ಕ್ಷಣವೇ ಉಕ್ಕಿ ಮುಖ ಕೈಗಳನ್ನು ಸುಡುವುದು. ಇಂಜಿನು ಪೂರ್ಣವಾಗಿ ಆರುವವರೆಗೆ ಅದನ್ನು ಮುಟ್ಟಕೂಡದು. ಎರಡನೆಯದಾಗಿ, ಕೆಲವು ಕಾರುಗಳಲ್ಲಿ ಕೀಲಿಕೈ ತೆಗೆದ ಮೇಲೂ ಫ್ಯಾನು ಹಠಾತ್ತಾಗಿ ತಿರುಗುವುದುಂಟು. ಬ್ಯಾಟರಿಯ ಋಣ ತಂತಿಯನ್ನು ಕಳಚಿದ ಹೊರತು ರೆಕ್ಕೆಗಳ ನಡುವೆ ಬೆರಳಿಡಬಾರದು.

ತಂತಿಯನ್ನು ಕಳಚಿ ರೆಕ್ಕೆಯನ್ನು ಕೈಯಿಂದ ತಿರುಗಿಸಿ ನೋಡಬೇಕು. ಸುಗ್ಗಿಯ ಕಾಲದಲ್ಲಿ ಒಕ್ಕಣೆಗೆಂದು ರಸ್ತೆಯ ಮೇಲೆ ಹರಡಿದ ಹುರುಳಿ, ರಾಗಿಗಳ ಮೇಲೆ ಓಡಿಬಂದ ಕಾರಿನಲ್ಲಿ ಹೊಟ್ಟು, ಬಳ್ಳಿಗಳು ಸಿಕ್ಕಿಕೊಂಡು ಫ್ಯಾನನ್ನು ತಡೆದಿರಬಹುದು. ರೇಡಿಯೇಟರಿನ ಕಂಡಿಗಳೂ ಮುಚ್ಚಿಹೋಗಿರಬಹುದು. ಸರಾಗವಾಗಿ ತಿರುಗಿದಲ್ಲಿ ತಂತಿಯನ್ನು ಮತ್ತೆ ಜೋಡಿಸಿ ಫ್ಯೂಸನ್ನು ನೋಡುವುದು. ಸುಟ್ಟಿದ್ದರೆ ಅಷ್ಟೇ ಆಂಪಿಯರಿನ ಹೊಸದನ್ನೇ ಹಾಕತಕ್ಕದ್ದು. ಪಂಪುಸೆಟ್ಟಿನ ಹಲಗೆಯಲ್ಲಿ ಮಾಡುವ ಹಾಗೆ ತಾಮ್ರದ ತಂತಿಯನ್ನು ಸುತ್ತುವ ಅಭ್ಯಾಸವು ಎಲ್ಲಿಯೂ ಒಳ್ಳೆಯದಲ್ಲ. ಕಾರಿನಲ್ಲಂತೂ ತಂತಿಗಳ ಹೊದಿಕೆಗೇ ಬೆಂಕಿ ತಗುಲೀತು. ಹೊಸ ಫ್ಯೂಸು ಕೂಡಲೇ ಸುಟ್ಟರೆ ಮೋಟಾರು ಬಿಗಿದಿದೆಯೆಂದೋ ತಂತಿಗಳು ಒಂದಕ್ಕೊಂದು ತಾಗಿವೆಯೆಂದೋ ತಿಳಿಯಬೇಕು.

ಫ್ಯೂಸು ಸರಿಯಾಗಿದ್ದಲ್ಲಿ, ರಿಲೇಯನ್ನು ತೆಗೆದು ಅದೇ ಗುರುತಿನ ಮತ್ತೊಂದನ್ನು, ಹಾರನ್ನಿನ ರಿಲೇ ಹೊಂದಿದರೆ ಅದನ್ನೇ, ಅಲ್ಲಿ ಕೂರಿಸಿ ನೋಡಬಹುದು. ಆಗಲೂ ತಿರುಗದಿದ್ದರೆ ಮೋಟಾರಿನ ಕೊಂಡಿಯನ್ನು ಬಿಡಿಸಿ, ಫ್ಯೂಸು ಸೇರಿಸಿದ ದಪ್ಪ ತಂತಿಯಿಂದ 12 ವೋಲ್ಟಿನ ಬ್ಯಾಟರಿಗೆ ನೇರವಾಗಿ ಜೋಡಿಸುವುದು. ಎರಡೇ ತಂತಿಗಳಿರುವ ಮೋಟಾರಿಗೆ ಮಾತ್ರ ಈ ಪರೀಕ್ಷೆ ತಕ್ಕುದು. ತಿರುಗದಿದ್ದರೆ ಮೋಟಾರನ್ನು ಬದಲಿಸಬೇಕು. ತಿರುಗಿದರೆ ಅದು ಗಟ್ಟಿಯಾಗಿದೆ. ದೋಷವು ತಂತಿಗಳಲ್ಲಿ ಅಥವಾ ನೀರಿನ ಶಾಖವನ್ನು ಅಳೆಯುವ ಸ್ವಿಚ್ಚಿನಲ್ಲಿದೆ. ಈ ಒಂದು ಪರೀಕ್ಷೆಯನ್ನು ಮಾಡದೆ ಒಳ್ಳೆಯ ಮೋಟಾರನ್ನು ಎಸೆದು ಹೊಸದನ್ನು ಕೊಂಡವರು ಅನೇಕರು.

ನೀರು ಕಡಮೆಯಾಗಿದ್ದಲ್ಲಿ ಸುಣ್ಣದ ಅಂಶವಿರುವ ಕೊಳವೆ ಬಾವಿಯ ನೀರನ್ನು ತುಂಬಬಾರದು. ಅದು ಒಳಗೆ ಹೆಪ್ಪುಗಟ್ಟಿ ಕೊಳವೆಗಳನ್ನು ಕಟ್ಟುತ್ತದೆ. ಕಾರಿಗೆ ಹೇಳಿದ ಕೂಲೆಂಟನ್ನೇ ಹಾಕಬೇಕು. ಅದರಲ್ಲಿ ಸಾಮಾನ್ಯವಾಗಿರುವ ಎಥಿಲಿನ್ ಗ್ಲೈಕಾಲು ರುಚಿಗೆ ಸಿಹಿಯಾದರೂ ವಿಷ. ನೆಲಕ್ಕೆ ಚೆಲ್ಲಿದ್ದನ್ನು ದನ, ನಾಯಿಗಳು ನೆಕ್ಕದಂತೆ ಕೂಡಲೇ ತೊಳೆದು ತೆಗೆಯತಕ್ಕದ್ದು.

ದುರಸ್ತಿಯಾದ ಬಳಿಕ ಕಾರನ್ನು ನಿಲ್ಲಿಸಿಯೇ ಇಂಜಿನನ್ನು ನಡೆಸಿ ಮುಳ್ಳನ್ನು ಗಮನಿಸುತ್ತಿರಬೇಕು. ಫ್ಯಾನು ತಾನಾಗಿ ಎರಡು ಸಲ ತಿರುಗಿ ನಿಂತರೆ ಕೆಲಸ ನೆಟ್ಟಗಾಯಿತು. ಫ್ಯಾನು ತಿರುಗಿದರೂ ಮುಳ್ಳು ಏರುತ್ತಲೇ ಇದ್ದರೆ ಥರ್ಮೋಸ್ಟಾಟಿನಲ್ಲಿಯೋ ನೀರಿನ ಪಂಪಿನಲ್ಲಿಯೋ ದೋಷವಿರಬಹುದು. ಆಗ ಇಂಜಿನನ್ನು ನಿಲ್ಲಿಸಿ ಮೆಕ್ಯಾನಿಕ್ಕನ್ನು ಕರೆಸುವುದು.