ಹೊರಗೆ ಬಾರದ ಗಾಳಿ

ಮಲ್ಲೇಶ್ವರದ ಸಂಪಿಗೆ ರಸ್ತೆಯಲ್ಲಿ ಎಂಟನೇ ಕ್ರಾಸ್ ದಾಟಿ ನಡೆಯುವ ಹಿರಿಯರಲ್ಲಿ ಕೆಲವರು ಅಂಗಡಿಯೊಂದರ ಕಟ್ಟೆ ಹಿಡಿದು ನಿಲ್ಲುತ್ತಾರೆ. ತುಟಿ ಚೂಪು ಮಾಡಿ ನಿಧಾನವಾಗಿ ಉಸಿರು ಬಿಡುತ್ತಾರೆ. ಜೊತೆಗಿದ್ದವರು "ವಯಸ್ಸಾಯ್ತಲ್ಲ, ದಮ್ಮು ಕಟ್ಟುತ್ತೆ" ಎಂದು ಸುಮ್ಮನಾಗುತ್ತಾರೆ. ಆದರೆ ಸಮತಟ್ಟಾದ ರಸ್ತೆಯಲ್ಲೇ ದಮ್ಮು ಕಟ್ಟುವುದು ಬರೀ ವಯಸ್ಸಿನ ಲಕ್ಷಣವಲ್ಲ. ಹಲವು ವರ್ಷ ಬೀಡಿ, ಸಿಗರೇಟು ಸೇದಿದವರಲ್ಲಿ ಅದು ಎಂಫಿಸೀಮಾ ಇರಬಹುದು. ಈ ಕಾಯಿಲೆ ತೀರಾ ಮುಂದುವರಿದವರಲ್ಲಿ ಕೆಲವರಿಗೆ ಶಸ್ತ್ರಚಿಕಿತ್ಸೆಯೂ ವಾಲ್ವ್ ಚಿಕಿತ್ಸೆಯೂ ಇವೆ. ಅವುಗಳ ಬಗ್ಗೆ ನಮ್ಮಲ್ಲಿ ತಿಳಿವಳಿಕೆಗಿಂತ ಹೆದರಿಕೆಯೇ ಹೆಚ್ಚು.

ಮೊದಲ ತಪ್ಪು ಕಲ್ಪನೆ: ಗಾಳಿ ಒಳಗೆ ಹೋಗದೆ ಉಸಿರು ಕಟ್ಟುತ್ತದೆ ಎನ್ನುವುದು. ಎಂಫಿಸೀಮಾದಲ್ಲಿ ಮುಖ್ಯ ತೊಂದರೆ ಗಾಳಿ ಹೊರಗೆ ಬಾರದಿರುವುದು. ಶ್ವಾಸಕೋಶದ ಪುಟ್ಟ ಗಾಳಿಗೂಡುಗಳ ಗೋಡೆ ಹರಿದು ದೊಡ್ಡ ಪೊಳ್ಳುಗಳಾಗುತ್ತವೆ. ಹಳೆಯ ಎಲಾಸ್ಟಿಕ್ಕಿನ ಹಾಗೆ ಶ್ವಾಸಕೋಶ ತನ್ನ ಬಿಗಿ ಕಳೆದುಕೊಳ್ಳುತ್ತದೆ. ಒಳಗೆ ಹೋದ ಗಾಳಿ ಅಲ್ಲೇ ಉಳಿದು ಎದೆ ಉಬ್ಬುತ್ತದೆ, ಕೆಳಗಿನ ವಪೆ (ಡಯಾಫ್ರಮ್) ಚಪ್ಪಟೆಯಾಗುತ್ತದೆ. ಕಮಾನಿನಂತೆ ಬಾಗಿರಬೇಕಾದ ವಪೆಯೇ ಚಪ್ಪಟೆಯಾದರೆ ಮುಂದಿನ ಉಸಿರನ್ನು ಎಳೆದುಕೊಳ್ಳಲು ಬಲವೆಲ್ಲಿ? ಹರಿದ ಗೂಡುಗಳನ್ನು ಮತ್ತೆ ಬೆಳೆಸುವ ಔಷಧಿ ಇಂದಿಗೂ ಇಲ್ಲ.

ಇಷ್ಟು ಮನಸ್ಸಿಗೆ ಬಂದರೆ, "ಇರೋ ಶ್ವಾಸಕೋಶವನ್ನೂ ಕೊಯ್ದು ತೆಗೆದರೆ ಇರೋ ಉಸಿರೂ ಹೋಗಲ್ವಾ?" ಎಂಬ ಪ್ರಶ್ನೆಗೆ ಉತ್ತರ ಸುಲಭ. ತೆಗೆಯುವುದು ಕೆಲಸ ಮಾಡದೆ ಬರೀ ಜಾಗ ಹಿಡಿದುಕೊಂಡಿರುವ ಭಾಗವನ್ನು. ಅದು ಹೋದಾಗ ಪಕ್ಕದ ಒಳ್ಳೆಯ ಭಾಗ ಅರಳಲು ಜಾಗ ಸಿಗುತ್ತದೆ, ವಪೆ ಮೇಲೇರುತ್ತದೆ. ಅಮೆರಿಕದ ಓಟೋ ಬ್ರಾಂಟಿಗನ್ 1950ರ ದಶಕದಲ್ಲೇ ಇದನ್ನು ಮಾಡಿ ನೋಡಿದರು. ಸಾವುಗಳು ಹೆಚ್ಚಿದ್ದರಿಂದ ಅದು ಮೂಲೆಗೆ ಸೇರಿತು. 1990ರ ದಶಕದಲ್ಲಿ ಜೋಯೆಲ್ ಕೂಪರ್ ಅದಕ್ಕೆ ಮತ್ತೆ ಜೀವ ಕೊಟ್ಟರು. ಆಮೇಲೆ 1218 ರೋಗಿಗಳ ಮೇಲೆ ನಡೆದ ದೊಡ್ಡ ಅಧ್ಯಯನದ ಫಲಿತಾಂಶ 2003ರಲ್ಲಿ ಪ್ರಕಟವಾಯಿತು. ಹಾನಿ ಮುಖ್ಯವಾಗಿ ಶ್ವಾಸಕೋಶದ ಮೇಲ್ಭಾಗದಲ್ಲಿದ್ದು, ವ್ಯಾಯಾಮದ ತರಬೇತಿಯ ನಂತರವೂ ದೈಹಿಕ ಶಕ್ತಿ ಕಡಿಮೆ ಇದ್ದವರು ಶಸ್ತ್ರಚಿಕಿತ್ಸೆಯಿಂದ ಹೆಚ್ಚು ಕಾಲ ಬದುಕಿದರು. ಆದರೆ ಒಟ್ಟಾರೆ ನೋಡಿದರೆ ಮೊದಲ 90 ದಿನಗಳಲ್ಲಿ ಶಸ್ತ್ರಚಿಕಿತ್ಸೆಯ ಗುಂಪಿನಲ್ಲಿ ಶೇ. 7.9 ಮಂದಿ ತೀರಿಕೊಂಡಿದ್ದರು, ಔಷಧಿಯ ಗುಂಪಿನಲ್ಲಿ ಶೇ. 1.3. ಊದುವ ಶಕ್ತಿ ತೀರಾ ಕುಸಿದು, ಹಾನಿ ಶ್ವಾಸಕೋಶದ ತುಂಬ ಒಂದೇ ಸಮನೆ ಹರಡಿದ್ದವರಿಗೆ ಕತ್ತರಿ ಹಾಕುವುದೇ ಅಪಾಯವೆಂದು 2001ರಲ್ಲೇ ಗೊತ್ತಾಗಿತ್ತು. ಪಕ್ಕದ ಮನೆಯವರಿಗೆ ಒಳ್ಳೆಯದಾಯಿತೆಂದು ನಮ್ಮವರಿಗೂ ಆಗುತ್ತದೆ ಎನ್ನಲು ಬರುವುದಿಲ್ಲ.

"ವಾಲ್ವಾ? ಅದು ಹಾರ್ಟಿಗಲ್ವಾ?" ಎನ್ನುವವರೂ ಬಹಳ. ಇದು ಬೇರೆ. ಬಾಯಿ ಅಥವಾ ಮೂಗಿನ ಮೂಲಕ ಬ್ರಾಂಕೋಸ್ಕೋಪ್ ಎಂಬ ಕೊಳವೆ ಇಳಿಸಿ, ಶ್ವಾಸಕೋಶದ ಹಾಳಾದ ಹಾಲೆಗೆ (ಲೋಬ್) ಹೋಗುವ ಶ್ವಾಸನಾಳಗಳಲ್ಲಿ ಪುಟಾಣಿ ಕವಾಟಗಳನ್ನು ಕೂರಿಸುತ್ತಾರೆ. ಅವು ಗಾಳಿಯನ್ನೂ ಕಫವನ್ನೂ ಹೊರಗೆ ಬಿಡುತ್ತವೆ, ಒಳಗೆ ಗಾಳಿ ಬಿಡುವುದಿಲ್ಲ. ಕ್ರಮೇಣ ಆ ಹಾಲೆ ಕುಗ್ಗುತ್ತದೆ. ಎದೆ ಕೊಯ್ಯುವ ಪ್ರಸಂಗವೇ ಇಲ್ಲ, ಬೇಕಾದರೆ ಕವಾಟವನ್ನು ತೆಗೆಯಲೂಬಹುದು. ಜೆಫೈರ್ ಮತ್ತು ಸ್ಪಿರೇಷನ್ ಎಂಬ ಎರಡು ಬಗೆಯ ಕವಾಟಗಳಿಗೆ ಅಮೆರಿಕದಲ್ಲಿ 2018ರಲ್ಲಿ ಅನುಮತಿ ಸಿಕ್ಕಿತು.

ಕೊಯ್ಯುವುದಿಲ್ಲ ಎಂದ ಮಾತ್ರಕ್ಕೆ ಅಪಾಯವಿಲ್ಲ ಎಂದುಕೊಳ್ಳಬಾರದು. ಜೆಫೈರ್ ಕವಾಟದ ಮುಖ್ಯ ಪರೀಕ್ಷೆಯಲ್ಲಿ ನಾಲ್ವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಗೆ ಮೊದಲ 45 ದಿನಗಳೊಳಗೆ ಶ್ವಾಸಕೋಶ ಸೋರಿ ಎದೆಗೂಡಿನಲ್ಲಿ ಗಾಳಿ ತುಂಬಿತು. ಹೆಚ್ಚಿನವು ಮೊದಲ ಕೆಲವೇ ದಿನಗಳಲ್ಲಿ. ಆದ್ದರಿಂದಲೇ ಕವಾಟ ಹಾಕಿದ ಮೇಲೆ ಕೆಲವು ದಿನ ಆಸ್ಪತ್ರೆಯಲ್ಲೇ ಉಳಿಸಿಕೊಳ್ಳುತ್ತಾರೆ. "ಇವತ್ತೇ ಮನೆಗೆ ಕಳಿಸಿಬಿಡಿ ಡಾಕ್ಟ್ರೇ" ಎಂದು ಒತ್ತಾಯಿಸುವ ಮನೆಯವರಿಗೆ ಈ ವಿಷಯ ಗೊತ್ತಿರಲೇಬೇಕು. ಇನ್ನೊಂದು ಸಂಗತಿ: ಹಾಲೆಗಳ ನಡುವಿನ ಸೀಳು ಪೂರ್ತಿಯಾಗಿಲ್ಲದಿದ್ದರೆ ಪಕ್ಕದ ಹಾಲೆಯಿಂದ ಗಾಳಿ ನುಸುಳಿ ಬಂದು ಕವಾಟ ಹಾಕಿದ್ದು ವ್ಯರ್ಥವಾಗುತ್ತದೆ. ಇದನ್ನು ಸಿ.ಟಿ. ಸ್ಕ್ಯಾನಿನಲ್ಲಿ ಮೊದಲೇ ನೋಡಿಕೊಳ್ಳಬೇಕು.

ಆಕ್ಸಿಜನ್ ಮೆಷಿನ್ ಮನೆಗೆ ತಂದರೆ ಎಲ್ಲ ಸರಿಹೋಗುತ್ತದೆ ಎನ್ನುವುದೂ ತಪ್ಪೇ. ಸುಮ್ಮನೆ ಕೂತಾಗಲೂ ರಕ್ತದಲ್ಲಿ ಆಮ್ಲಜನಕ ತೀರಾ ಕಡಿಮೆ ಇರುವವರಿಗೆ ದಿನಕ್ಕೆ 15 ಗಂಟೆಗೂ ಹೆಚ್ಚು ಕೊಟ್ಟರೆ ಆಯುಸ್ಸು ಹೆಚ್ಚುತ್ತದೆ. ಆದರೆ ಸಿಕ್ಕಿಕೊಂಡ ಗಾಳಿಯನ್ನು ಅದು ಹೊರಗೆ ಹಾಕದು.

ಆಪರೇಷನ್ ಆದಮೇಲೆ ಸಿಗರೇಟು ಬಿಟ್ಟರಾಯಿತು ಎನ್ನುವವರಿಗೆ: ಆ 1218 ಜನರ ಅಧ್ಯಯನಕ್ಕೆ ಸೇರಲು ಕನಿಷ್ಠ 4 ತಿಂಗಳು ಮೊದಲೇ ಬಿಟ್ಟಿರಬೇಕಿತ್ತು. ಜೊತೆಗೆ ಹಲವು ವಾರಗಳ ಉಸಿರಾಟದ ವ್ಯಾಯಾಮ, ನಡಿಗೆಯ ತರಬೇತಿ. ಈ ತರಬೇತಿಯಲ್ಲೇ ಹಲವರು ಎಷ್ಟೋ ಸುಧಾರಿಸುತ್ತಾರೆ, ಮತ್ತು ನಮ್ಮ ಮನೆಗಳಲ್ಲಿ ಅತಿ ಹೆಚ್ಚು ಕಡೆಗಣಿಸುವುದೂ ಇದನ್ನೇ. ಶಸ್ತ್ರಚಿಕಿತ್ಸೆ ಅಥವಾ ಕವಾಟದ ನಂತರವೂ ಇನ್ಹೇಲರ್ ಮುಂದುವರಿಯುತ್ತದೆ. ಇವು ಯಾವುವೂ ಹೊಂದದ ಕೆಲವರಿಗೆ ಶ್ವಾಸಕೋಶ ಕಸಿಯ ದಾರಿಯಿದೆ. ನಮ್ಮ ರಾಜ್ಯದಲ್ಲಿ ಮಿದುಳು ನಿಷ್ಕ್ರಿಯರಾದವರ ಅಂಗಗಳ ಹಂಚಿಕೆಯನ್ನು ನೋಡಿಕೊಳ್ಳುವುದು ಜೀವಸಾರ್ಥಕತೆ ಸಂಸ್ಥೆ.

ಎದೆರೋಗ ತಜ್ಞರ ಬಳಿ ಹೋಗುವಾಗ ಬರೀ ಎಕ್ಸ್‌ರೇ ಹಿಡಿದು ಹೋದರೆ ಸಾಲದು. ಸಾಮಾನ್ಯ ಸ್ಪೈರೋಮೆಟ್ರಿ ಊದಿದ್ದನ್ನಷ್ಟೇ ಅಳೆಯುತ್ತದೆ. ಪೂರ್ತಿ ಉಸಿರು ಬಿಟ್ಟ ಮೇಲೂ ಒಳಗೆ ಎಷ್ಟು ಗಾಳಿ ಉಳಿಯಿತು ಎಂದು ಹೇಳುವ ಪರೀಕ್ಷೆ ಬೇರೆಯೇ ಇದೆ. ಅದರ ವರದಿ, ತೆಳು ಪದರಗಳ ಸಿ.ಟಿ. ಸ್ಕ್ಯಾನ್, ಆರು ನಿಮಿಷದಲ್ಲಿ ಎಷ್ಟು ಮೀಟರ್ ನಡೆದರು ಎಂಬ ಲೆಕ್ಕ, ಈ ಮೂರನ್ನೂ ನೋಡದೆ ಯಾರಾದರೂ ಕವಾಟ ಹಾಕೋಣ ಎಂದರೆ, ಇನ್ನೊಬ್ಬ ತಜ್ಞರನ್ನು ಕೇಳಿಯೇ ಒಪ್ಪಿಕೊಳ್ಳಿ.