ಜೀವಕೋಶದಲ್ಲೂ ಜಾಗವೇ ಮುಖ್ಯ!

ಬಾಗಿಲು ಕಾಯಬೇಕಾದವನು ಹಿತ್ತಲಲ್ಲಿ ಕೂತರೆ ಬಂದವರ ಸುದ್ದಿ ಮನೆಯೊಳಗೆ ಮುಟ್ಟುವುದು ಹೇಗೆ? ನಮ್ಮ ಜೀವಕೋಶಗಳ ಕಥೆಯೂ ಇದೇ. 'ಬೆಳೆ, ಎರಡಾಗು' ಎಂಬ ಹೊರಗಿನ ಸಂದೇಶವನ್ನು ಒಳಕ್ಕೆ ದಾಟಿಸುವ ರಾಸ್ ಎಂಬ ಪ್ರೋಟೀನ್, ಕೋಶದ ಹೊರಪೊರೆಯ ಒಳಮೈಗೆ ಅಂಟಿಕೊಂಡಿರಬೇಕು. ಅದಕ್ಕಾಗಿ ಕಿಣ್ವವೊಂದು ರಾಸ್‌ಗೆ 15 ಇಂಗಾಲದ ಪರಮಾಣುಗಳಿರುವ ಜಿಡ್ಡಿನ ಬಾಲವನ್ನು ಜೋಡಿಸುತ್ತದೆ. ಬಾಲವಿಲ್ಲದ ರಾಸ್ ಕೋಶರಸದಲ್ಲಿ ತೇಲುತ್ತಾ ಇದ್ದೂ ಇಲ್ಲದಂತಾಗುತ್ತದೆ.

ರಾಸ್ ಕೆಟ್ಟು, ಸಂದೇಶ ಬರದಿದ್ದರೂ 'ಬೆಳೆ' ಎನ್ನುತ್ತಲೇ ಇದ್ದರೆ ಅದು ಕ್ಯಾನ್ಸರಿಗೆ ದಾರಿ. ಮೇದೋಜೀರಕ ಗ್ರಂಥಿಯ ಕ್ಯಾನ್ಸರುಗಳಲ್ಲಿ ಬಹುಪಾಲು ಕೆಟ್ಟಿರುವುದು ಇದೇ ಕುಟುಂಬದ ಕೆ-ರಾಸ್. ಹಾಗಾದರೆ ಬಾಲ ಅಂಟದಂತೆ ತಡೆದರಾಯಿತಲ್ಲ? 1990ರ ದಶಕದಲ್ಲಿ ಅಂಥ ಔಷಧಗಳು ಇಲಿಗಳಲ್ಲಿ ಭರವಸೆ ಹುಟ್ಟಿಸಿದವು. ಆದರೆ ಕೆ-ರಾಸ್ ಕೆಟ್ಟ ರೋಗಿಗಳಲ್ಲಿ ಫಲಿಸಲಿಲ್ಲ. ಒಂದು ದಾರಿ ಮುಚ್ಚಿದರೆ ಕೆ-ರಾಸ್ ಮತ್ತೊಂದು ಕಿಣ್ವದಿಂದ 20 ಇಂಗಾಲದ ಬಾಲ ಪಡೆದು ಪೊರೆಯಲ್ಲೇ ಉಳಿಯುತ್ತದೆ!

2021ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಸೊಟೊರಾಸಿಬ್ ಬೇರೆ ದಾರಿ ಹಿಡಿಯಿತು. ಕೆಲವು ಶ್ವಾಸಕೋಶದ ಕ್ಯಾನ್ಸರುಗಳಲ್ಲಿ ಕಾಣುವ ಒಂದು ಬಗೆಯ ಕೆಟ್ಟ ಕೆ-ರಾಸ್‌ಗೇ ಅದು ನೇರವಾಗಿ ಅಂಟಿಕೊಳ್ಳುತ್ತದೆ. ಬಾಗಿಲಿನಿಂದ ಎಬ್ಬಿಸಲಾಗದವನ ಕೈ ಕಟ್ಟಿದಂತೆ!